ಹೊಸ ಲ್ಯಾಪ್‌ಟಾಪ್ ಏಳಲು ಏಳು ನಿಮಿಷ

ತುಮಕೂರಿನಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಮೂವತ್ತು ಅಂಗಡಿ, ಮಂಡಿಗಳ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್), ಜಿಎಸ್‌ಟಿ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಅವರಲ್ಲಿ ಅರ್ಧದಷ್ಟು ಮಂದಿ ತಿಪಟೂರಿನ ಕೊಬ್ಬರಿ ವರ್ತಕರು. ತಿಂಗಳ 11ಕ್ಕೆ ಮಾರಾಟದ ರಿಟರ್ನ್, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್. ಈ ಎರಡು ತಾರೀಖುಗಳ ನಡುವೆ ನನಗೆ ಜ್ವರ ಬಂದರೂ ಪರವಾಗಿಲ್ಲ, ಕಂಪ್ಯೂಟರಿಗೆ ಬರಬಾರದು.

2021ರ ಅಕ್ಟೋಬರ್ 4ರಂದು ಹೊಸ ಲ್ಯಾಪ್‌ಟಾಪ್ ತಂದೆ. ಹಳೆಯದಕ್ಕೆ ಏಳು ವರ್ಷ ಆಗಿತ್ತು, ಕೀಬೋರ್ಡಿನಲ್ಲಿ ಎರಡು ಕೀ ಉದುರಿದ್ದವು. ಹಬ್ಬದ ರಿಯಾಯಿತಿಯಲ್ಲಿ ಸಿಕ್ಕಿದ್ದು, 1 ಟಿಬಿ ತಿರುಗುವ ಹಾರ್ಡ್ ಡಿಸ್ಕ್ ಇರುವ ಮಾಡೆಲ್. ತಿರುಗುವ ಭಾಗವೇ ಇಲ್ಲದ, ಹೆಚ್ಚು ವೇಗದ ಎಸ್‌ಎಸ್‌ಡಿ ಇರಲಿಲ್ಲ. "1 ಟಿಬಿ ಅಂದ್ರೆ ಜಾಸ್ತಿ ಜಾಗ ಮೇಡಂ" ಅಂದರು ಅಂಗಡಿಯವರು. ನಾನೂ ಜಾಗ ನೋಡಿದೆ, ವೇಗ ಕೇಳಲಿಲ್ಲ.

ಮೊದಲ ದಿನವೇ ನಿಧಾನ. ಬಟನ್ ಒತ್ತಿ ಟ್ಯಾಲಿ ತೆರೆಯುವಷ್ಟರಲ್ಲಿ ಎರಡು ನಿಮಿಷಕ್ಕೂ ಮೇಲೆ. ಹೊಸದು, ಅಪ್‌ಡೇಟ್ ಆಗುತ್ತಿರುತ್ತದೆ, ಸುಮ್ನೆ ಬಿಡೋಣ ಅಂದುಕೊಂಡೆ. ಅದು ಪೂರ್ತಿ ತಪ್ಪು ಯೋಚನೆಯೇನೂ ಅಲ್ಲ. ಹೊಸದಾಗಿ ಹಾಕಿದ ವಿಂಡೋಸ್ ಮೊದಲ ಒಂದೆರಡು ದಿನ ಅಪ್‌ಡೇಟ್ ಇಳಿಸಿಕೊಳ್ಳುತ್ತದೆ, ಫೈಲುಗಳ ಪಟ್ಟಿ ಮಾಡಿಕೊಳ್ಳುತ್ತದೆ. ತಿರುಗುವ ಡಿಸ್ಕ್ ಇದ್ದರೆ ಆಗ ಉಸಿರು ಕಟ್ಟಿದ ಹಾಗೆ ಆಗುವುದು ಸಹಜ. ಅದಕ್ಕೇ ಒಂದು ರಾತ್ರಿ ಚಾರ್ಜರ್ ಹಾಕಿ, ನೆಟ್ ಕೊಟ್ಟು, ಆನ್ ಮಾಡಿಯೇ ಬಿಟ್ಟೆ. ಬೆಳಿಗ್ಗೆ ನೋಡಿದರೆ ಮೂರು ನಿಮಿಷ ಆಗಿತ್ತು!

ಆಮೇಲೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಕಂಪ್ಯೂಟರಿನಲ್ಲಿ ಏನೇನು ಓಡುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರಿನಲ್ಲಿ ಸ್ಟಾರ್ಟಪ್ ಪಟ್ಟಿ, ಅಂದರೆ ಆನ್ ಆದ ಕೂಡಲೇ ತಾವಾಗಿ ತೆರೆಯುವವುಗಳ ಪಟ್ಟಿ, ನೋಡಿ ಬೇಡದ್ದನ್ನೆಲ್ಲ ನಿಲ್ಲಿಸಿದೆ. ಮೊದಲೇ ತುಂಬಿಕೊಟ್ಟಿದ್ದ ಟ್ರಯಲ್ ಆಂಟಿವೈರಸ್ ತೆಗೆದೆ. ಆಟಗಳು, ಅಂಗಡಿ ಆ್ಯಪ್‌ಗಳು ಎಲ್ಲ ಹೋದವು. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಅಳೆದೆ. ಇಲ್ಲಿ ಒಂದು ಮಾತು: ಶಟ್‌ಡೌನ್ ಮಾಡಿ ಆನ್ ಮಾಡಿ ಅಳೆದರೆ ಲೆಕ್ಕ ಸರಿ ಬರುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಅನ್ನುವುದು ಆನ್ ಇದ್ದರೆ, ಶಟ್‌ಡೌನ್ ಮಾಡುವಾಗ ವಿಂಡೋಸ್ ತನ್ನ ಒಂದು ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಪೂರ್ತಿ ಹೊಸದಾಗಿ ಏಳುವುದು ರೀಸ್ಟಾರ್ಟ್ ಕೊಟ್ಟಾಗ ಮಾತ್ರ. ನಾನು ರೀಸ್ಟಾರ್ಟ್ ಮಾಡಿಯೇ ಮೂರು ಕಡೆ ಸಮಯ ಬರೆದುಕೊಂಡೆ. ಕಂಪನಿಯ ಗುರುತು ಬಂದಾಗ, ಪಾಸ್‌ವರ್ಡ್ ಕೇಳಿದಾಗ, ಟ್ಯಾಲಿ ತೆರೆದಾಗ. ಸ್ವಚ್ಛ ಮಾಡಿದ ದಿನ ನಲವತ್ತು ಸೆಕೆಂಡು ಕಡಿಮೆ ಆಯಿತು. ಖುಷಿಯಾಯಿತು. ಎರಡು ದಿನಕ್ಕೆ ಮತ್ತೆ ಹೆಚ್ಚಿತು.

ಈ ಗುಡಿಸುವ ಕೆಲಸದಲ್ಲೇ 11ನೇ ತಾರೀಖು ದಾಟಿತು. ಅಂಗಡಿಯವರು ಕೊಟ್ಟಿದ್ದ ಏಳು ದಿನದ ಬದಲಾವಣೆ ಅವಕಾಶವೂ ದಾಟಿತು. ಇದನ್ನು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

14ಕ್ಕೆ ಆಯುಧ ಪೂಜೆ. ಸ್ಕೂಟರ್, ಪ್ರಿಂಟರ್ ಜೊತೆ ಲ್ಯಾಪ್‌ಟಾಪಿಗೂ ಕುಂಕುಮ, ಚೆಂಡು ಹೂವು. ಪೂಜೆ ಮುಗಿಸಿ ಆನ್ ಮಾಡಿದರೆ ಏಳು ನಿಮಿಷ. ಹಬ್ಬಕ್ಕೆ ಬಂದಿದ್ದ ನಮ್ಮಣ್ಣನ ಮಗ ಆಗ ಇಂಜಿನಿಯರಿಂಗ್ ಓದುತ್ತಿದ್ದ. "ಅತ್ತೆ, ಒಳಗೆ ತೀರ್ಥ ಏನಾದ್ರೂ ಹಾಕಿದ್ರಾ?" ಅಂತ ರೇಗಿಸಿದ. ಆಮೇಲೆ ಕಿವಿಯನ್ನು ಕೀಬೋರ್ಡಿನ ಎಡಗಡೆ ಇಟ್ಟು ಸುಮ್ಮನಾದ. ನಾನೂ ಕಿವಿ ಇಟ್ಟೆ. ಟಿಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಿಕ್ ಟಿಕ್.

ನಮ್ಮ ಕಡೆಯವರಿಗೆ ಕಿವಿ ಇಟ್ಟು ಪರೀಕ್ಷೆ ಮಾಡುವುದು ಹೊಸದಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ತೆಂಗಿನಕಾಯಿಯನ್ನು ಅಲ್ಲಾಡಿಸಿ ಕೇಳುತ್ತೇವಲ್ಲ, ಒಳಗೆ ಗಲಗಲ ಅಂದರೆ ಉಂಡೆ ಕೊಬ್ಬರಿ ಆಯಿತು ಅಂತ. ಡಿಸ್ಕ್ ವಿಷಯದಲ್ಲಿ ಮಾತ್ರ ಉಲ್ಟಾ. ಇಂಥ ಶಬ್ದ ಬಂದರೆ ಕೆಟ್ಟ ಸುದ್ದಿ.

ಟಾಸ್ಕ್ ಮ್ಯಾನೇಜರಿನಲ್ಲಿ ನಾನು ಇಷ್ಟು ದಿನ ನೋಡಿದ್ದು ಸ್ಟಾರ್ಟಪ್ ಪಟ್ಟಿ ಮಾತ್ರ. ಅವನು ಪರ್ಫಾರ್ಮೆನ್ಸ್ ಭಾಗದಲ್ಲಿ ಡಿಸ್ಕ್ ತೆರೆದ. 100 ಪರ್ಸೆಂಟ್, ಅಂದರೆ ಡಿಸ್ಕಿಗೆ ಒಂದು ಕ್ಷಣವೂ ಬಿಡುವಿಲ್ಲ. ಅದೊಂದೇ ಆಗಿದ್ದರೆ ಅಪ್‌ಡೇಟ್ ನಡೆಯುತ್ತಿದೆ ಅನ್ನಬಹುದಿತ್ತು. ಕೆಳಗೆ ಓದುವ ವೇಗ ನೋಡಿದರೆ ಸೆಕೆಂಡಿಗೆ 300 ಕೆಬಿ ಕೂಡ ಇಲ್ಲ. ಪಕ್ಕದಲ್ಲಿ ಸರಾಸರಿ ರೆಸ್ಪಾನ್ಸ್ ಟೈಮ್, ಅಂದರೆ ಕೇಳಿದ್ದಕ್ಕೆ ಡಿಸ್ಕ್ ಉತ್ತರ ಕೊಡಲು ಹಿಡಿಯುವ ಹೊತ್ತು, 4,000 ಮಿಲಿಸೆಕೆಂಡ್ ದಾಟಿತ್ತು. ನಾಲ್ಕು ಸೆಕೆಂಡು! ಕೆಲಸ ಜಾಸ್ತಿ ಇದ್ದು ಡಿಸ್ಕಿಗೆ ಬಿಡುವಿಲ್ಲದಿದ್ದರೆ ಡೇಟಾ ಓಡುತ್ತಿರಬೇಕು. ಡೇಟಾ ಓಡದೆ ಡಿಸ್ಕಿಗೆ ಮಾತ್ರ ಬಿಡುವಿಲ್ಲದಿದ್ದರೆ ಅದು ಒಂದೇ ಜಾಗದಲ್ಲಿ ತಡಕಾಡುತ್ತಿದೆ ಅಂತ ಅನುಮಾನ ಪಡಬೇಕು. ಈ ಎರಡು ಅಂಕಿಗಳನ್ನು ಜೊತೆಗೆ ನೋಡುವುದು ಮೊದಲ ದಿನವೇ ಗೊತ್ತಿದ್ದರೆ ನನ್ನ ಹತ್ತು ದಿನ ಉಳಿಯುತ್ತಿತ್ತು.

ನಾಲ್ಕು ಸೆಕೆಂಡು ಎಲ್ಲಿಂದ ಬಂತು ಅನ್ನುವ ಲೆಕ್ಕ ನನಗೆ ಇಷ್ಟವಾಯಿತು. ಡಿಸ್ಕ್ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 90 ಸುತ್ತು, ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಆರೋಗ್ಯವಾಗಿದ್ದರೆ ಬೇಕಾದದ್ದು ಒಂದೆರಡು ಸುತ್ತಿನಲ್ಲಿ ಸಿಗುತ್ತದೆ. ಒಂದು ಸೆಕ್ಟರ್, ಅಂದರೆ ಡಿಸ್ಕಿನ ಒಂದು ಚಿಕ್ಕ ತುಣುಕು, ಸರಿಯಾಗಿ ಓದಲು ಬರದಿದ್ದರೆ ಡಿಸ್ಕ್ ತಾನಾಗಿಯೇ ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ಓದಲು ನೋಡುತ್ತದೆ. ಮುನ್ನೂರು, ನಾನ್ನೂರು ಸುತ್ತು ಹೊಡೆದರೆ ಸೆಕೆಂಡುಗಳೇ ಹೋದವು. ಅಷ್ಟು ಹೊತ್ತೂ ವಿಂಡೋಸ್ ಕಾಯುತ್ತಾ ಕೂರುತ್ತದೆ.

ವಿಂಡೋಸ್ ತನ್ನ ಡೈರಿಯಲ್ಲಿ ಇದನ್ನೆಲ್ಲ ಬರೆದೂ ಇಟ್ಟಿತ್ತು. ಈವೆಂಟ್ ವ್ಯೂವರಿನಲ್ಲಿ ಸಿಸ್ಟಂ ಭಾಗಕ್ಕೆ ಹೋದರೆ ಡಿಸ್ಕ್ ಹೆಸರಿನಲ್ಲಿ 7 ಮತ್ತು 153 ನಂಬರಿನ ಸಾಲುಗಳು ಉದ್ದಕ್ಕೂ ಇದ್ದವು. 7 ಅಂದರೆ ಡಿಸ್ಕಿನಲ್ಲಿ ಕೆಟ್ಟ ಜಾಗ ಸಿಕ್ಕಿದೆ. 153 ಅಂದರೆ ಕೇಳಿದ ಕೆಲಸ ಆಗಲಿಲ್ಲ, ಮತ್ತೊಮ್ಮೆ ಕೇಳಬೇಕಾಯಿತು. ಮೊದಲ ಸಾಲಿನ ತಾರೀಖು ಅಕ್ಟೋಬರ್ 5. ಅಂದರೆ ಎರಡನೇ ದಿನವೇ ಹೇಳಿತ್ತು.

ಆದರೆ ಕಮಾಂಡ್ ಪ್ರಾಂಪ್ಟಿನ ಕಪ್ಪು ಕಿಟಕಿ ತೆರೆದು ಡಿಸ್ಕಿನ ಸ್ಥಿತಿ ಕೇಳಿದರೆ "ಓಕೆ" ಅಂತ ಬಂತು. ಇದು ದೊಡ್ಡ ಮೋಸ. ಆ ಓಕೆ ಬರುವುದು ತಯಾರಕರು ಇಟ್ಟ ಗಡಿ ದಾಟಿಲ್ಲ ಅನ್ನುವ ಅರ್ಥದಲ್ಲಿ. ಆರೋಗ್ಯವಾಗಿದೆ ಅನ್ನುವ ಅರ್ಥದಲ್ಲಲ್ಲ. ಆ ಗಡಿ ದಾಟುವ ಎಷ್ಟೋ ಮೊದಲೇ ಡಿಸ್ಕ್ ಕೆಟ್ಟಿರಬಹುದು.

ಪೂರ್ತಿ ವಿವರಕ್ಕೆ, ಡಿಸ್ಕಿನ ಆರೋಗ್ಯದ ಅಂಕಿಗಳನ್ನು ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿದೆವು. ಉಚಿತ, ಚಿಕ್ಕದು. ಹಳದಿ ಬಣ್ಣದಲ್ಲಿ ಎಚ್ಚರಿಕೆ ತೋರಿಸಿತು. ಡಿಸ್ಕ್ ಓಡಿದ್ದು ಕೇವಲ 61 ಗಂಟೆ. 05 ಸಾಲು, ಅಂದರೆ ಕೆಟ್ಟ ಸೆಕ್ಟರಿಗೆ ಬದಲಿ ಜಾಗ ಕೊಟ್ಟ ಲೆಕ್ಕ, ಸೊನ್ನೆ. ಸಿ5 ಸಾಲಿನಲ್ಲಿ 18. "ಹದಿನೆಂಟೇ ತಾನೇ?" ಅಂದೆ. "ಹದಿನಾರರ ಲೆಕ್ಕದಲ್ಲಿ ತೋರಿಸ್ತಿದೆ ಅತ್ತೆ. ಒಂದು ಹದಿನಾರು, ಮೇಲೆ ಎಂಟು, ಇದು 24" ಅಂದ. ಲೆಕ್ಕ ಬರೆಯುವವಳಿಗೇ ಲೆಕ್ಕ ಹೇಳಿಕೊಟ್ಟ!

ಸಿ5 ಅಂದರೆ ಬಾಕಿ ಇರುವ ಸೆಕ್ಟರುಗಳು. ಮಂಡಿಯಲ್ಲಿ ಅನುಮಾನದ ಚೀಲವನ್ನು ಪಕ್ಕಕ್ಕೆ ಇಡುತ್ತಾರಲ್ಲ, ಹಾಗೆ. ಓದಲು ಆಗಿಲ್ಲ, ಕೆಟ್ಟಿದೆ ಅಂತ ಇನ್ನೂ ತೀರ್ಮಾನ ಆಗಿಲ್ಲ. ಮುಂದೆ ಅದೇ ಜಾಗಕ್ಕೆ ಏನಾದರೂ ಬರೆಯುವಾಗ ಸರಿ ಬಂದರೆ ಬಿಟ್ಟುಬಿಡುತ್ತದೆ, ಬರದಿದ್ದರೆ ಬದಲಿ ಜಾಗ ಕೊಟ್ಟು 05ಕ್ಕೆ ಸೇರಿಸುತ್ತದೆ. ಸಿ7 ಸಾಲೂ, ಅಂದರೆ ಡಿಸ್ಕಿನಿಂದ ಡೇಟಾ ಸಾಗುವಾಗ ಆದ ತಪ್ಪುಗಳ ಲೆಕ್ಕ, ನೋಡಿದೆವು. ಅದು ಏರಿದ್ದರೆ ಡಿಸ್ಕಿಗಿಂತ ಕನೆಕ್ಟರ್ ಮೇಲೆ ಅನುಮಾನ ಪಡಬೇಕು. ಅದು ಸೊನ್ನೆ. ಒಂದು ಗಂಟೆ ಬಿಟ್ಟು ನೋಡಿದರೆ ಸಿ5 ಆಗಲೇ 68 ಆಗಿತ್ತು. ಅಂದರೆ 104.

ಅವನ ಗೆಳೆಯನೊಬ್ಬ ಫೋನಿನಲ್ಲಿ ಚೆಕ್‌ಡಿಸ್ಕ್ ಓಡಿಸಿ ಅಂದ. ನಾನು ಬೇಡ ಅಂದೆ. ಕೆಟ್ಟ ಸೆಕ್ಟರ್ ಹುಡುಕುವ ಚೆಕ್‌ಡಿಸ್ಕ್ 1 ಟಿಬಿಯನ್ನೂ ಮೂಲೆ ಮೂಲೆ ಓದಬೇಕು. ಏದುಸಿರು ಬಿಡುತ್ತಿರುವವರನ್ನು ದೇವರಾಯನದುರ್ಗದ ಬೆಟ್ಟ ಹತ್ತಿಸಿದ ಹಾಗೆ. ನಾನು ಹತ್ತು ದಿನ ಮಾಡಿದ ರೀಸ್ಟಾರ್ಟು, ಗುಡಿಸಾಟ ಕೂಡ ಅದೇ ಆಗಿತ್ತು. ಮೊದಲು ಡೇಟಾ ಹೊರಗೆ ಬರಬೇಕು, ಆಮೇಲೆ ಎಲ್ಲ ಪರೀಕ್ಷೆ.

ಟ್ಯಾಲಿ ಫೋಲ್ಡರ್ ಮೊದಲು, ಎಕ್ಸೆಲ್ ಆಮೇಲೆ, ಫೋಟೋ ಕೊನೆಗೆ. ಮೌಸಿನಲ್ಲಿ ಎಳೆದು ಹಾಕಿದರೆ ಒಂದು ಕೆಟ್ಟ ಫೈಲ್ ಬಂದ ಕೂಡಲೇ ಎಲ್ಲ ನಿಂತುಬಿಡುತ್ತಿತ್ತು. ಅದಕ್ಕೆ ರೋಬೋಕಾಪಿ ಅನ್ನುವ ಕಾಪಿ ಮಾಡುವ ಕಮಾಂಡ್ ಬಳಸಿದೆವು. ಇದು ವಿಂಡೋಸಿನ ಒಳಗೇ ಇದೆ. ಆದರೆ ಹಾಗೆಯೇ ಓಡಿಸಿದರೆ ಓದಲಾಗದ ಫೈಲಿಗೆ ಹತ್ತು ಲಕ್ಷ ಸಲ ಪ್ರಯತ್ನ ಮಾಡುತ್ತದೆ, ಪ್ರತಿ ಸಲಕ್ಕೂ 30 ಸೆಕೆಂಡು ಕಾದು. ನಮ್ಮ ಮೊಮ್ಮಕ್ಕಳ ಕಾಲಕ್ಕೆ ಮುಗಿಯಬಹುದು. ಒಂದೇ ಸಲ ಪ್ರಯತ್ನಿಸು, ಒಂದೇ ಸೆಕೆಂಡು ಕಾಯಿ ಅಂತ ಕೊಟ್ಟೆವು. ರಾತ್ರಿ ಒಂದೂವರೆಗೆ ಮುಗಿಯಿತು. ಒಬ್ಬ ಕೊಬ್ಬರಿ ವರ್ತಕರ ಡೇಟಾದ ಒಂದು ಫೈಲ್ ಬರಲೇ ಇಲ್ಲ. ಅಕ್ಟೋಬರ್ 1ರ ಬ್ಯಾಕಪ್ ಪೆನ್‌ಡ್ರೈವಿನಲ್ಲಿತ್ತು, ಪುಣ್ಯ. ಉಳಿದ ಹದಿಮೂರು ದಿನದ ಬಿಲ್ಲುಗಳನ್ನು ಮತ್ತೆ ಕೈಯಲ್ಲಿ ಹೊಡೆದೆ. 20ರ ರಿಟರ್ನುಗಳೆಲ್ಲ ಹೋಗಿದ್ದು ಕೀ ಉದುರಿದ ಹಳೆಯ ಲ್ಯಾಪ್‌ಟಾಪಿನಿಂದಲೇ.

ಡೇಟಾ ಹೊರಬಂದ ಮೇಲೆ, ಆನ್ ಮಾಡುವಾಗಲೇ ಬರುವ ತಯಾರಕರ ಡಿಸ್ಕ್ ಪರೀಕ್ಷೆ ಓಡಿಸಿದೆವು. ಫೇಲ್ ಅಂತ ಬಂದು, ಕೆಳಗೆ ಉದ್ದದ ಒಂದು ಕೋಡ್. ಮೊಬೈಲಿನಲ್ಲಿ ಫೋಟೋ ತೆಗೆದು ಆ ಕೋಡ್ ಹೇಳಿಯೇ ವಾರಂಟಿ ದೂರು ದಾಖಲಿಸಿದೆ.

ಸರ್ವಿಸ್ ಸೆಂಟರಿನ ಹುಡುಗ ಮೊದಲು ಹೇಳಿದ್ದು, "ಫಾರ್ಮ್ಯಾಟ್ ಮಾಡಿ ಕೊಡ್ತೀವಿ ಮೇಡಂ, ಫಾಸ್ಟ್ ಆಗುತ್ತೆ". ಆಗುತ್ತಿತ್ತು ಕೂಡ, ಒಂದು ವಾರ. ಕೋಡಿನ ಫೋಟೋ ತೋರಿಸಿದ ಮೇಲೆ ಅವನ ಮಾತೇ ಬೇರೆಯಾಯಿತು. ಬೆಂಗಳೂರಿನಿಂದ ಹೊಸ ಡಿಸ್ಕ್ ಬರಲು ನಾಲ್ಕು ದಿನ ಅಂದ. ಹಳೆಯ ಡಿಸ್ಕ್ ವಾಪಸ್ ಕೊಡಬೇಕು ಅಂದ.

ಅಲ್ಲಿ ನನಗೆ ದಿಗಿಲಾಯಿತು. ಅದರಲ್ಲಿ ಮೂವತ್ತು ಜನರ ಪ್ಯಾನ್ ಇದೆ, ಬ್ಯಾಂಕ್ ವಿವರ ಇದೆ. ಆ ನಾಲ್ಕು ದಿನದೊಳಗೆ ಉಬುಂಟು (ವಿಂಡೋಸ್ ಬದಲು ಓಡಿಸಬಹುದಾದ ಇನ್ನೊಂದು ವ್ಯವಸ್ಥೆ) ಹಾಕಿದ ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪ್ ಎಬ್ಬಿಸಿ, ಇಡೀ ಡಿಸ್ಕಿನ ಮೇಲೆ ರಾತ್ರಿಯಿಡೀ ಸೊನ್ನೆ ಬರೆಸಿದೆವು. ಬೆಳಿಗ್ಗೆ ಸಿ5 ಇಳಿದು ಸೊನ್ನೆಯಾಗಿತ್ತು, 05 ಏರಿತ್ತು. ಬಾಕಿ ಚೀಲಗಳೆಲ್ಲ ವಿಲೇವಾರಿ. ನಮ್ಮಣ್ಣನ ಮಗ ಮೊದಲೇ ಹೇಳಿದ್ದ: ಹೀಗೆ ಬರೆದ ಮೇಲೆ ಪರೀಕ್ಷೆ ಪಾಸಾಗಿಬಿಡಬಹುದು, ಅದಕ್ಕೇ ದೂರು ಮೊದಲು, ಅಳಿಸುವುದು ಆಮೇಲೆ. ಈ ಕ್ರಮ ಉಲ್ಟಾ ಆಗಿದ್ದರೆ ನನ್ನ ಕೈಯಲ್ಲಿ ಸಾಕ್ಷಿಯೇ ಇರುತ್ತಿರಲಿಲ್ಲ.

ಹೊಸ ಡಿಸ್ಕ್ ಬಂತು, ವಿಂಡೋಸ್ ಹಾಕಿಕೊಟ್ಟರು. ವಿಂಡೋಸಿನ ಲೈಸೆನ್ಸ್ ಕೀ ಲ್ಯಾಪ್‌ಟಾಪಿನ ಬಯೋಸ್ ಚಿಪ್ಪಿನಲ್ಲೇ ಇರುವುದರಿಂದ ಅದಕ್ಕೆ ಬೇರೆ ದುಡ್ಡಿಲ್ಲ. ಆದರೂ ಏಳಲು ಒಂದೂವರೆ ನಿಮಿಷ! ಇದು ಕಾಯಿಲೆಯಲ್ಲ, ತಿರುಗುವ ಡಿಸ್ಕಿನ ಸ್ವಭಾವ. ಒಳಗೆ ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟ್ ಖಾಲಿ ಇತ್ತು. ವಾರಂಟಿಗೆ ತೊಂದರೆ ಇಲ್ಲ ಅಂತ ಅವರಿಂದಲೇ ಬರೆಸಿಕೊಂಡು, 256 ಜಿಬಿ ಎಸ್‌ಎಸ್‌ಡಿ ಹಾಕಿಸಿ ವಿಂಡೋಸ್ ಅದಕ್ಕೆ ಸಾಗಿಸಿದೆ. ಈಗ ಹದಿನಾಲ್ಕು ಸೆಕೆಂಡು. ದೊಡ್ಡ ಡಿಸ್ಕ್ ಫೋಟೋ ಮತ್ತು ಹಳೆಯ ವರ್ಷಗಳ ಲೆಕ್ಕಕ್ಕೆ.

ಈ ಕಥೆಯನ್ನು ತಿಪಟೂರಿನ ನಮ್ಮ ಒಬ್ಬ ಮಂಡಿ ಯಜಮಾನರಿಗೆ ಹೇಳಿದ್ದೆ, ಶಬ್ದದ ವಿಷಯವನ್ನೂ ಸೇರಿಸಿ. ಮುಂದಿನ ತಿಂಗಳು ಫೋನ್ ಮಾಡಿದರು. ಮಗನಿಗೆ ಹೊಸ ಲ್ಯಾಪ್‌ಟಾಪ್ ತಂದಿದ್ದರಂತೆ. "ಕಿವಿ ಹತ್ರ ಹಿಡ್ಕೊಂಡು ಚೆನ್ನಾಗಿ ಅಲ್ಲಾಡಿಸಿದೆ ಕಣಮ್ಮ. ಏನೂ ಗಲಗಲ ಅನ್ನಲ್ಲ. ಒಳ್ಳೇದು ತಾನೇ?"

"ಆಫ್ ಮಾಡಿ ಅಲ್ಲಾಡಿಸಿದ್ರಾ ಯಜಮಾನ್ರೇ?" ಅಂತ ಕೇಳಿದೆ.

"ಇಲ್ಲ, ಅವನು ಸಿನಿಮಾ ನೋಡ್ತಿದ್ದ."

ಪುಣ್ಯಕ್ಕೆ ಅದರಲ್ಲಿ ಇದ್ದಿದ್ದು ಎಸ್‌ಎಸ್‌ಡಿ. ತಿರುಗುವುದು ಅಂತ ಒಳಗೆ ಇದ್ದಿದ್ದು ಫ್ಯಾನ್ ಒಂದೇ.