ಲೈನ್ ಮನೆಯಲ್ಲಿ ವಾರಕ್ಕೊಂದು ಗಂಟೆ: ನನ್ನ ಅನುಭವ

ಅಂಗನವಾಡಿಯಲ್ಲಿ ಬಾಯಿ ಬಿಡದ ಮಗುವನ್ನು ಅದರ ಮನೆಗೇ ಹೋಗಿ ನೋಡುತ್ತೇನೆ ಎಂದಾಗ ಮೀಟಿಂಗಿನಲ್ಲಿ ಎಲ್ಲರೂ ನಕ್ಕರು. ‘ಫಾರಂ ತುಂಬೋಕೇ ಟೈಮಿಲ್ಲ, ನೀವು ಕಥೆ ಬರೀತೀರಾ?’ ಎಂದರು ಒಬ್ಬರು. ಈಗ ಅವರೇ ನನ್ನ ನೋಟ್‌ಬುಕ್ ಕೇಳುತ್ತಿದ್ದಾರೆ.

ಊರು ಕೊಡಗಿನ ಸಿದ್ದಾಪುರದ ಹತ್ತಿರ. ಹುಡುಗ ಕಾಫಿ ತೋಟದ ಲೈನ್ ಮನೆಯವನು, ಅಂದರೆ ತೋಟದ ಕೆಲಸಗಾರರ ಸಾಲು ಮನೆ, ಆಗ ನಾಲ್ಕು ವರ್ಷ ತುಂಬಿತ್ತು. ಮನೆಯಲ್ಲಿ ಯರವ ಬುಡಕಟ್ಟಿನ ಮಾತು, ಪಕ್ಕದ ಮನೆಯಲ್ಲಿ ಮಲಯಾಳ, ತೋಟದ ಮಾಲೀಕರ ಬಾಯಲ್ಲಿ ಕೊಡವ ತಕ್ಕ್, ನನ್ನ ಹತ್ತಿರ ಕನ್ನಡ. ಮಕ್ಕಳ ಬೆಳವಣಿಗೆ ಗುರುತಿಸುವ ನನ್ನ ಫಾರಂ ಪ್ರಕಾರ ಅವನಿಗೆ ಬಣ್ಣ ಗೊತ್ತಿಲ್ಲ, ಎಣಿಕೆ ಬರುವುದಿಲ್ಲ, ಹೆಚ್ಚು ಕಡಿಮೆ ತಿಳಿಯುವುದಿಲ್ಲ.

ಮೊದಲು ಮಾಡಿದ್ದು ಯಾವುದೂ ಕೈ ಹಿಡಿಯಲಿಲ್ಲ. ಮೊಬೈಲಿನಲ್ಲಿ ವಿಡಿಯೋ ತೆಗೆಯಲು ಹೋದರೆ ಅಮ್ಮ ಅವನ ಅಂಗಿ ಬದಲಿಸಿದರು, ಅಜ್ಜಿ ಒಳಗೆ ಹೋಗಿ ಕೂತರು. ಗೋಣಿಕೊಪ್ಪದಿಂದ ಒಂದೂವರೆ ಸಾವಿರದಷ್ಟು ಆಟಿಕೆ ತಂದುಕೊಟ್ಟೆ. ಮುಂದಿನ ವಾರ ಅವೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಗೋಡೆಯ ಮೊಳೆಗೆ ನೇತಾಡುತ್ತಿದ್ದವು. ಟೀಚರ್ ಕೊಟ್ಟದ್ದು ಒಡೆಯಬಾರದಲ್ವಾ! ಅಮ್ಮನಿಗೆ ಒಂದು ಹಾಳೆ ಕೊಟ್ಟು, ಅವನಿಗೆ ಬರುವುದಕ್ಕೆಲ್ಲ ಟಿಕ್ ಮಾಡಿ ಎಂದೆ. ಅವನ ಅಕ್ಕ ಕೂತು ಎಲ್ಲಕ್ಕೂ ಅಂದವಾಗಿ ಟಿಕ್ ಹಾಕಿದಳು. ಧ್ವನಿ ರೆಕಾರ್ಡರ್‌ಗೆ ಸುಮಾರು ಎರಡು ಸಾವಿರ ಸುರಿದೆ. ಜೂನ್ ತಿಂಗಳು, ಶೀಟಿನ ಮಾಡು. ಕೇಳಿದರೆ ಬರೀ ಮಳೆ.

ಆಮೇಲೆ ಒಂದು ತರಬೇತಿಯಲ್ಲಿ ಎಸ್ತರ್ ಬಿಕ್ ಎಂಬ ಮಕ್ಕಳ ಮನೋವಿಶ್ಲೇಷಕಿಯ ಮಾತು ಬಂತು. ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿ 1948ರಲ್ಲಿ ಅವರು ಶುರು ಮಾಡಿದ ಪದ್ಧತಿ: ಕೂಸಿನ ಮನೆಗೆ ವಾರಕ್ಕೊಮ್ಮೆ ಹೋಗಿ ಒಂದು ಗಂಟೆ ನೋಡುವುದು, ಎರಡು ವರ್ಷ. ಅಲ್ಲಿರುವಾಗ ಏನೂ ಬರೆಯುವ ಹಾಗಿಲ್ಲ, ಬಂದ ಮೇಲೆ ಬರೆಯಬೇಕು. ಅದು ಆಗಷ್ಟೇ ಹುಟ್ಟಿದ ಕೂಸುಗಳಿಗೆ ಮಾಡಿದ್ದು. ನನಗೆ ಬೇಕಾದಷ್ಟನ್ನು ನಾನು ತೆಗೆದುಕೊಂಡೆ.

ಹೊತ್ತು ಮುಖ್ಯ. ಬೆಳಿಗ್ಗೆ ಎಲ್ಲರಿಗೂ ಗಡಿಬಿಡಿ. ಸಂತೆಯ ದಿನ ಯಾರೂ ಸಿಗುವುದಿಲ್ಲ. ಸಂಜೆ ಕಾಫಿ ತೂಕ ಮುಗಿದ ಮೇಲೆ ಸರಿ. ತೋಟದ ಲೆಕ್ಕ ಬರೆಯುವ ರೈಟರ್‌ಗೆ ಮೊದಲೇ ಒಂದು ಮಾತು ಹೇಳಿರಬೇಕು. ಆನೆ ಬಂದಿದೆ ಎಂದರೆ ಆ ವಾರ ಇಲ್ಲ, ಅಷ್ಟೇ. ಶುರುವಿನಲ್ಲಿ ನಾನು ಹೋದ ತಕ್ಷಣ ಪ್ಲಾಸ್ಟಿಕ್ ಕುರ್ಚಿ ಹಾಕಿ ಹಾಲಿಲ್ಲದ ಕಟ್ಟಂಕಾಫಿ ಕಾಯಿಸುತ್ತಿದ್ದರು, ಇಡೀ ಗಂಟೆ ಉಪಚಾರಕ್ಕೇ ಹೋಗುತ್ತಿತ್ತು. ಆ ಕುರ್ಚಿ ತಪ್ಪಿಸಿಕೊಂಡು ಒಲೆಯ ಪಕ್ಕ ಹೇಗೆ ಜಾಗ ಮಾಡಿಕೊಂಡೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಬೇಕಾದವರು ನನ್ನ ಕೇಂದ್ರಕ್ಕೆ ಬನ್ನಿ.

ಬರೆಯುವುದು ಬಸ್‌ಸ್ಟಾಪಿನಲ್ಲಿ, ಅರ್ಧ ಗಂಟೆಯೊಳಗೆ. ಮನೆ ಮುಟ್ಟಿದರೆ ನೆನಪು ತಾನೇ ಕಥೆ ಕಟ್ಟಲು ಶುರು ಮಾಡುತ್ತದೆ. ಕಣ್ಣಿಗೆ ಕಂಡದ್ದು ಮಾತ್ರ ಬರೆಯಬೇಕು. ‘ಚುರುಕು’, ‘ಹಠಮಾರಿ’ ಎಂದು ಬರೆದರೆ ನನಗೆ ನಾನೇ ಒಂದು ರೂಪಾಯಿ ದಂಡ ಹಾಕಿಕೊಂಡೆ. ಮೊದಲ ತಿಂಗಳು ಡಬ್ಬಿ ಚೆನ್ನಾಗಿ ತುಂಬಿತು.

ಫಲ ಸಿಕ್ಕಿದ್ದು ರೋಬಸ್ಟಾ ಕಾಫಿ ಕೊಯ್ಲಿನ ಹೊತ್ತಿಗೆ. ಹುಡುಗ ಕೋಲಿನ ಎರಡು ತುದಿಗೆ ಹಗ್ಗದಲ್ಲಿ ತೆಂಗಿನ ಚಿಪ್ಪು ಕಟ್ಟಿ ತಕ್ಕಡಿ ಮಾಡಿದ್ದ. ಹೆಕ್ಕಿ ತಂದ ಕಾಫಿಯಲ್ಲಿ ಕೆಂಪು ಹಣ್ಣು ಬೇರೆ, ಹಸಿರು ಕಾಯಿ ಬೇರೆ. ಹಣ್ಣು ಮಾತ್ರ ತೂಕಕ್ಕೆ. ಅಕ್ಕ ರೈಟರ್ ಆಗಿ ಮಣ್ಣಿನ ಮೇಲೆ ಬರೆಯುತ್ತಿದ್ದಳು. ಐದು ಎಣಿಸಿದರೆ ಅವನು ಒಂದು ಕಡ್ಡಿ ಪಕ್ಕಕ್ಕಿಡುತ್ತಿದ್ದ, ಮತ್ತೆ ಒಂದರಿಂದ ಶುರು. ‘ಕಡಿಮೆ ಬರೆದೆ’ ಎಂದು ಅಕ್ಕನ ಜೊತೆ ಜಗಳಕ್ಕೇ ಬಿದ್ದ. ಕಡ್ಡಿ ಲೆಕ್ಕ ಹಾಕಿದರೆ ಅವನದೇ ಸರಿ! ನನ್ನ ಫಾರಂನ ಮೂರು ‘ಇಲ್ಲ’ ಒಂದೇ ಸಂಜೆ ಹೋದವು. ಯಾರು ಹೇಳಿಕೊಟ್ಟಿದ್ದು ಎಂದು ಅಜ್ಜಿಯನ್ನು ಕೇಳಿದೆ. ‘ಹೇಳಿಕೊಡೋದೇನು ಟೀಚರ್, ದಿನಾ ನೋಡ್ತಾನಲ್ಲ’ ಎಂದರು.

ಅದೇ ಚಿಪ್ಪಿನ ತಕ್ಕಡಿಯನ್ನು ಅಂಗನವಾಡಿಗೆ ತಂದೆ. ಖರ್ಚು ಸೊನ್ನೆ. ಅದೇ ವಾರ ಅವನ ಬಾಯಿ ತೆರೆಯಿತು, ಮೊದಲು ಯರವ ಮಾತಿನಲ್ಲಿ. ನಾನು ತಡೆಯಲಿಲ್ಲ. ಕನ್ನಡ ನಿಧಾನಕ್ಕೆ ಹಿಂದೆ ಬಂತು.

ನಡುವೆ ಇನ್ನೊಂದು ನೋಡಿದೆ. ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆ, ಅಪ್ಪ ಮನೆಯಲ್ಲೇ. ಆಗ ಅಜ್ಜಿ, ಅಕ್ಕ ಹಿಂದೆ ಸರಿದರು. ಹುಡುಗ ಅಪ್ಪನ ಬಾಲ ಹಿಡಿದು ಗದ್ದೆಗೆ ಏಡಿ ಹಿಡಿಯಲು ಹೋಗುತ್ತಿದ್ದ. ಕೊಂಡಿಗೆ ಸಿಗದ ಹಾಗೆ ಹಿಂದಿನಿಂದ ಹಿಡಿಯುವುದನ್ನು ಕಲಿತ. ಎರಡು ಪುಟ ಬರೆದೆ. ಕೊನೆಗೆ ‘ಸಣ್ಣ ಸ್ನಾಯುಗಳ ಬೆಳವಣಿಗೆ’ ಎಂಬ ಕಾಲಂನಲ್ಲಿ ಏಡಿಯನ್ನು ತುರುಕಿದೆ.

ಆಟೋಗೆ ಹೋಗಿ ಬರಲು ಇನ್ನೂರು ರೂಪಾಯಿ ಹತ್ತಿರ. ವರ್ಷಕ್ಕೆ ಏಳೆಂಟು ಸಾವಿರ ನನ್ನ ಕೈಯಿಂದಲೇ ಹೋಗಿರಬೇಕು, ರೆಕಾರ್ಡರ್, ಆಟಿಕೆ ಬೇರೆ. ಇದನ್ನೇ ಇನ್ನು ಮೂರು ಕೇಂದ್ರಗಳಲ್ಲಿ ಮಾಡಿಸಿ ಎಂದು ಈಗ ಮೇಲಿನವರು ಹೇಳಿದ್ದಾರೆ. ಆಟೋ ದುಡ್ಡು ಕೊಡಿ ಎಂದು ಅರ್ಜಿ ಹಾಕಿದ್ದೇನೆ. ಅದು ಪರಿಶೀಲನೆಯಲ್ಲಿದೆಯಂತೆ.