ಅಂಜೂರದ ಕಡ್ಡಿಗೆ ಬೇರು ಬರುವವರೆಗೆ ನೀರು ಬೇಡ

ತೆಂಗಿನ ನಾರಿನ ಹುಡಿಯನ್ನು ಚೆನ್ನಾಗಿ ತೊಳೆದು, ಹಿಂಡಿದರೆ ಹನಿ ಬೀಳದಷ್ಟು ಪಸೆ ಉಳಿಸಿ, ತೂತು ಹಾಕಿದ ಪಾರದರ್ಶಕ ಲೋಟಕ್ಕೆ ತುಂಬಿ ಕಡ್ಡಿ ನೆಡಿ. ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ ನೆರಳಲ್ಲಿಡಿ. ಲೋಟದ ಬದಿಯಲ್ಲಿ ಬಿಳಿ ಬೇರು ಕಾಣುವವರೆಗೆ ನೀರು ಹಾಕಲೇಬೇಡಿ. ಬೇರಿಲ್ಲದ ಕಡ್ಡಿ ಕುಡಿಯುವುದು ಅಷ್ಟಕ್ಕಷ್ಟೆ, ಅಲ್ವಾ? ನೀರು ಜಾಸ್ತಿಯಾದರೆ ಗಾಳಿಯಾಡದೆ ಬುಡ ಕೊಳೆಯುತ್ತದೆ. ಎಲೆ ಬಂತೆಂದು ಸುಮ್ನೆ ಖುಷಿಪಡಬೇಡಿ, ಕಡ್ಡಿಯಲ್ಲಿರುವ ಸತ್ವದಿಂದಲೇ ಅದು ಚಿಗುರುತ್ತದೆ. ಹಸಿರು ಎಳೆ ತುದಿಗೆ ಈ ಉಪಾಯ ನಡೆಯುವುದು ಕಷ್ಟ. ಪೆನ್ಸಿಲ್ ದಪ್ಪದ ಬಲಿತ ಕಡ್ಡಿ ಬೇಕು. ನಮ್ಮ ಕಾಸರಗೋಡಿನ ಜೂನ್, ಜುಲೈ ಮಳೆಯಲ್ಲೂ ಬೇಡ, ಬೂಸ್ಟು ಹಿಡಿಯುತ್ತದೆ. ಬ್ಲ್ಯಾಕ್ ಮದೇರಾದಂಥ ದುಬಾರಿ ತಳಿ ಬೇರು ಬಿಡುವುದೂ ನಿಧಾನ. ಮೊದಲು ಪೂನಾ ಅಂಜೂರದಲ್ಲಿ ಕೈ ಪಳಗಿಸಿಕೊಳ್ಳಿ.