ಎನ್‌ಡಿಎಗೆ ಮತ್ತೆ ಬರೆಯುವ ಮುಂಚೆ ನಾನು ಕೋಚಿಂಗ್ ಬಿಟ್ಟು ಬಿಎಸ್ಸಿಗೆ ಸೇರಿದ್ದು

ಎನ್‌ಡಿಎ (ಪಿಯುಸಿ ಮೇಲೆ ಸೇನಾ ಅಧಿಕಾರಿ ತರಬೇತಿಗೆ ಸೇರುವ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ) ರಿಟನ್ ಪಾಸಾಗಿತ್ತು. ಬೆಂಗಳೂರಿನ ಎಸ್‌ಎಸ್‌ಬಿಯಲ್ಲಿ (ಅಧಿಕಾರಿಗಳನ್ನ ಆರಿಸೋ ಐದು ದಿನದ ಪರೀಕ್ಷೆ, ಇಂಟರ್‌ವ್ಯೂ) ಐದನೇ ದಿನದವರೆಗೂ ಉಳಿದು ಕಾನ್ಫರೆನ್ಸ್ ಔಟ್ ಆದೆ, ಅಂದ್ರೆ ಕೊನೇ ದಿನದ ಸಭೆ ಮುಗಿದ ಮೇಲೆ ಆಯ್ಕೆ ಆಗಲಿಲ್ಲ. ಪಿಯುಸಿ ಮುಗಿದಿತ್ತು, ಹತ್ತೊಂಬತ್ತೂವರೆ ವರ್ಷದ ವಯಸ್ಸಿನ ಮಿತಿಗೆ ಇನ್ನೂ ಟೈಮ್ ಇತ್ತು, ಮತ್ತೆ ಬರೆಯೋದು ಖಾತ್ರಿ. ನಡುವಿನ ವರ್ಷ ಏನ್ಮಾಡೋದು ಅನ್ನೋದೇ ಪ್ರಶ್ನೆ.

ಗೆಳೆಯರೆಲ್ಲ ಡ್ರಾಪ್ ತಗೊಂಡು ಡೆಹ್ರಾಡೂನ್ ಕೋಚಿಂಗ್‌ಗೆ ಹೊರಟರು. ಅಪ್ಪನಿಗೂ ಅದೇ ಸರಿ ಅನ್ನಿಸಿತ್ತು. ನಾನು ಮಾರ್ಕ್ಸ್ ಲೆಕ್ಕ ತೋರಿಸಿದೆ: ರಿಟನ್‌ಗೆ 900 (ಗಣಿತ 300, ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನದ ಜಿಎಟಿ ಪೇಪರ್ 600), ಎಸ್‌ಎಸ್‌ಬಿಗೆ ಇನ್ನೊಂದು 900. ನಾನು ಬಿದ್ದಿದ್ದು ಎರಡನೇದರಲ್ಲಿ, ಅಂದಮೇಲೆ ವರ್ಷವಿಡೀ ಗಣಿತ ಉಜ್ಜಿ ಏನು ಬಂತು? ಎಸ್‌ಎಸ್‌ಬಿಯ ವರ್ಡ್ ಟೆಸ್ಟ್‌ನಲ್ಲಿ ಒಂದು ಪದ ನೋಡಿ ವಾಕ್ಯ ಬರೆಯೋಕೆ 15 ಸೆಕೆಂಡ್, ಅಂಥ 60 ಪದ. ಬಾಯಿಪಾಠ ಮಾಡಿದ ವಾಕ್ಯ ಅಲ್ಲಿ ಜಾಸ್ತಿ ಹೊತ್ತು ನಡೆಯಲ್ಲ.

ಹಾಗಾಗಿ ಧಾರವಾಡದಲ್ಲಿ ಬಿಎಸ್ಸಿಗೆ ಸೇರಿ ಎನ್‌ಸಿಸಿ ತಗೊಂಡೆ. ಸಂಜೆ ಹಳೇ ಪ್ರಶ್ನೆಪತ್ರಿಕೆ. ಗಣಿತದಲ್ಲಿ ಸರಿ ಉತ್ತರಕ್ಕೆ 2.5, ತಪ್ಪಿದರೆ 0.83 ಕಟ್, ಅದಕ್ಕೇ ಯಾವ ಪ್ರಶ್ನೆ ಬಿಡಬೇಕು ಅನ್ನೋದನ್ನೇ ಹೆಚ್ಚು ಅಭ್ಯಾಸ ಮಾಡಿದೆ. ರಾತ್ರಿ ಹಾಸ್ಟೆಲ್ ಟೆರೇಸ್ ಮೇಲೆ ಮೂರ್ನಾಲ್ಕು ಜನ ಸೇರಿ ಪೇಪರ್‌ನ ಒಂದು ಸುದ್ದಿ ಹಿಡಿದು ಇಂಗ್ಲಿಷ್‌ನಲ್ಲಿ ವಾದ ಮಾಡ್ತಿದ್ದೆವು. ಕನ್ನಡ ಮೀಡಿಯಂನವನಾದ ನನಗೆ ಇದು ಬೇಕೇ ಬೇಕಿತ್ತು.

ಎನ್‌ಸಿಸಿ ಕ್ಯಾಂಪ್‌ನಲ್ಲಿ ಒಂದು ಬೆಳಗ್ಗೆ ಮೆಸ್ ಡ್ಯೂಟಿ ನನ್ನದು. ಉಪ್ಪಿಟ್ಟು ತಳ ಹಿಡಿದು ಸೀದುಹೋಯ್ತು, ಪರೇಡ್‌ಗೆ ಹೊತ್ತಾಗ್ತಿದೆ, ಸಾಲಿನಲ್ಲಿದ್ದ ಹುಡುಗರು ತಟ್ಟೆ ಬಡೀತಿದ್ದಾರೆ. ತಟ್ಟೆ ಬಡಿಯೋರಲ್ಲೇ ನಾಲ್ವರನ್ನ ಒಳಗೆ ಕರೆದು ಬ್ರೆಡ್, ಬಾಳೆಹಣ್ಣು ಹಂಚೋಕೆ ಹಚ್ಚಿದೆ. ಮುಂದಿನ ಎಸ್‌ಎಸ್‌ಬಿ ಇಂಟರ್‌ವ್ಯೂನಲ್ಲಿ ಸಾಹೇಬರು ಇದನ್ನೇ ಹಿಡಿದು ಕೂತರು. ಸ್ಟಾಕ್ ಎಷ್ಟಿತ್ತು, ಯಾರು ಜಗಳ ಆಡಿದರು, ಸೀದ ಉಪ್ಪಿಟ್ಟು ಏನ್ಮಾಡಿದಿರಿ! ನಡೆದ ವಿಷಯ ಅಲ್ವಾ, ಉತ್ತರ ಹುಡುಕಬೇಕಾಗಲಿಲ್ಲ. ಆ ಸಲ ರೆಕಮೆಂಡ್ ಆದೆ, ಮೆಡಿಕಲ್ ದಾಟಿ ಮೆರಿಟ್ ಲಿಸ್ಟ್‌ಗೂ ಬಂದೆ.

ರಿಟನ್‌ನಲ್ಲೇ ಬಿದ್ದವರಿಗೆ ನನ್ನ ದಾರಿ ಹೇಳಲ್ಲ. ಗಣಿತ ಕೈಕೊಟ್ಟಿದ್ದರೆ ಕೋಚಿಂಗೇ ವಾಸಿ. ಪಿಸಿಎಂ ಮಾರ್ಕ್ಸ್ ಚೆನ್ನಾಗಿದ್ದು ಜೆಇಇ ಮೇನ್ ಬರೆದಿದ್ದರೆ ಸೇನೆಯ ಟಿಇಎಸ್ (ಪಿಯುಸಿ ಮೇಲಿನ ಟೆಕ್ನಿಕಲ್ ಎಂಟ್ರಿ) ಕೂಡ ನೋಡಿ, ಅದಕ್ಕೆ ಬೇರೆ ರಿಟನ್ ಇಲ್ಲ. ಡಿಗ್ರಿ ದಾರಿಯಲ್ಲಿ ಎನ್‌ಡಿಎ ತಪ್ಪಿದರೂ ಪದವೀಧರರು ಅಧಿಕಾರಿ ಆಗೋಕೆ ಬರೆಯುವ ಸಿಡಿಎಸ್ ಪರೀಕ್ಷೆ ಇರುತ್ತೆ, ಎನ್‌ಸಿಸಿ ಸಿ ಸರ್ಟಿಫಿಕೇಟ್ ಎಂಟ್ರಿ ಇರುತ್ತೆ. ಕಾಲೇಜು ಆರಿಸುವಾಗ ಎನ್‌ಸಿಸಿ ಇದೆಯಾ ಅಂತ ಮೊದಲೇ ಕೇಳಿ, ಮೊದಲ ವರ್ಷವೇ ಸೇರಿಬಿಡಿ. ಎಸ್‌ಎಸ್‌ಬಿ ಕರೆ ಸೆಮಿಸ್ಟರ್ ಪರೀಕ್ಷೆಯ ವಾರಕ್ಕೇ ಬೀಳೋದುಂಟು, ಎಎನ್‌ಒ (ಕಾಲೇಜಿನ ಎನ್‌ಸಿಸಿ ನೋಡಿಕೊಳ್ಳೋ ಮೇಷ್ಟ್ರು) ಸರ್ ಹತ್ತಿರ ಮುಂಚೆಯೇ ಮಾತಾಡಿಟ್ಟಿರಿ. ನನ್ನ ಹಾಜರಾತಿ ಗಲಾಟೆಗೆ ಅವರೇ ಆದರು.